ಬೋಗುಣಿ ಇಟ್ಟು ಬಾ

ಎರಡು ಟಗರುಮರಿ ಕೊಟ್ಟು ತಂದದ್ದು ಇದನ್ನು
ಸಿವಾಸಿನ ದನದ ಸಂತೆಯಿಂದ, ನನ್ನ ಶಾಲಿನೊಳಗೆ ಸುತ್ತಿ.
ಗೋಧಿಹಿಟ್ಟಿನ ಮೈ, ಹಂಚಿನ ಮಸಿಯ ಮೂತಿ,
ವಯಸ್ಸು ನಲವತ್ತೈದು ದಿನ. ತಳಿ ಕಂಗಾಲ್.
ಕಂಗಾಲಾದವಳು ಮಾತ್ರ ನಾನು.

ಕುರಿಯ ಕೆಲಸ ಇಷ್ಟು ವರ್ಷ ಬೆಕಿರನದು.
ಹಿಮ ಕರಗುವ ವಾರ ಕಲ್ಲಿನ ಮೇಲೆ ಜಾರಿ
ಈಗ ಕಿಟಕಿಯ ಪಕ್ಕ ದಿಂಬಿಗೊರಗಿದ್ದಾನೆ.
ಕಾಲಿಗೆ ಪ್ಲಾಸ್ಟರ್, ಬಾಯಿಗಿಲ್ಲ.

"ಬಾರ್ಲಿ ಹಿಟ್ಟಿಗೆ ಕುದಿನೀರು ಹುಯ್ಯಿ, ತಣ್ಣೀರಲ್ಲ.
ಗಂಟಾಗಬಾರದು. ಗಂಟಾಯಿತೇ? ಸೌಟಿನ ಸದ್ದಲ್ಲೇ ಗೊತ್ತಾಗುತ್ತೆ ನನಗೆ.
ಮಜ್ಜಿಗೆಯ ತಿಳಿ ಬೆರೆಸು. ಹಸುವಿನ ಹಾಲು ಬೇಡ,
ಬೇಧಿ ಹತ್ತಿದರೆ ಒಂದೇ ರಾತ್ರಿಗೆ ಹೋಗಿಬಿಡುತ್ತದೆ.
ಒಂದು ಮೊಟ್ಟೆ ಒಡೆದು ಹಾಕು. ಬೆರಳದ್ದಿ ನೋಡು.
ಬಿಸಿ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು,
ಏನೂ ಅನ್ನಿಸದಿದ್ದರೆ ಅದೇ ಹದ.

ದಿನಕ್ಕೆ ನಾಲ್ಕು ಸಲ.
ಹೊಟ್ಟೆ ತಮಟೆಯಾಗುವ ಮೊದಲೇ ಬೋಗುಣಿ ಎತ್ತು.
ಕೋಳಿಮೂಳೆ ಹಾಕಿದೆಯೋ, ನಿನ್ನ ಅಣ್ಣನ ಮನೆಗೆ ನಡಿ."

ಇಷ್ಟನ್ನೂ ಕಲಿತೆ. ನಾನೇನು ದಡ್ಡಿಯಲ್ಲ.
ಅವನ ಮೂರು ಹೆಣ್ಣುಮಕ್ಕಳಿಗೆ ಹಲ್ಲು ಮೂಡಿದ್ದು
ಈ ಕೈಯ ಗಂಜಿ ಕುಡಿದೇ.

ಕಲಿಯಲಾಗದ್ದು ಮುಂದಿನ ಮಾತು:
"ಬೋಗುಣಿಯನ್ನು ಕುರಿಗಳ ನಡುವೆ ಇಟ್ಟು ಬಾ.
ನಿಲ್ಲಬೇಡ. ಹೆಸರಿಡಬೇಡ. ತಲೆ ಸವರಬೇಡ.
ಕೈತುತ್ತಂತೂ ಬೇಡವೇ ಬೇಡ.
ಉಂಡು ತಲೆಯೆತ್ತಿದಾಗ ಅದಕ್ಕೆ
ಕುರಿ ಕಾಣಬೇಕು, ಎಲ್ಮಾಸ್, ನೀನಲ್ಲ."

ಮೊದಲ ರಾತ್ರಿ ದೊಡ್ಡಿಯಲ್ಲಿ ಅದು ಅತ್ತಿತು.
ಎರಡನೆಯ ರಾತ್ರಿಯೂ.
ಬೆಕಿರ್ ನಿದ್ದೆ ಬಂದವನಂತೆ ಮಲಗಿದ್ದ, ನಾನೂ ಹಾಗೆಯೇ.
ಮೂರನೆಯ ರಾತ್ರಿ ರೊಟ್ಟಿಯ ಒಳತಿರುಳನ್ನು
ಸಾರಿನಲ್ಲಿ ನೆನೆಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋದೆ.
ಕತ್ತಲಲ್ಲಿ ಮೊದಲು ಸಿಕ್ಕಿದ್ದು ಅದರ ಮೂಗು.
ತುತ್ತು ಮುಗಿದ ಮೇಲೂ ಬೆರಳು ಬಿಡಲಿಲ್ಲ,
ಸೂಜಿಯಂಥ ಹಲ್ಲು, ಒರಟಿಲ್ಲದ ನಾಲಿಗೆ.
ಎಷ್ಟು ಹೊತ್ತು ಕೂತಿದ್ದೆನೋ, ಲಂಗವೆಲ್ಲ ಇಬ್ಬನಿ.

ಬೆಳಿಗ್ಗೆ ಮಂದೆ ಎಡಕ್ಕೆ ಹೊರಟಿತು, ದಿಬ್ಬದ ಕಡೆ.
ಮರಿ ಬಲಕ್ಕೆ, ನನ್ನ ಲಂಗದ ಅಂಚಿಗೆ.
ಓಡಿಸಿದರೆ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತಿತು,
ಮನೆಯವರ ಹಾಗೆ.

ಬೆಕಿರ್ ಕಿಟಕಿಯಿಂದ ನೋಡಿದ.
ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.
ಚಹಾ ತಣ್ಣಗಾದ ಮೇಲೆ ಹೇಳಿದ:
"ನಮ್ಮಪ್ಪ ಇದ್ದಾಗ ಬೋಜ್ ಅಂತ ಒಂದು ನಾಯಿ ಇತ್ತು.
ನನ್ನ ತಟ್ಟೆಯಲ್ಲೇ ಬೆಳೆಯಿತು. ನನಗಾಗ ಒಂಬತ್ತು ವರ್ಷ.
ತೋಳ ಬಂದ ರಾತ್ರಿ ಅದು ನನ್ನ ಬಾಗಿಲಲ್ಲಿ ಮಲಗಿತ್ತು,
ನನ್ನನ್ನು ಕಾಯುತ್ತ.
ಹನ್ನೊಂದು ಕುರಿ ಹೋದವು.
ಅದರದೇನು ತಪ್ಪು? ಉಣಿಸಿದವರನ್ನು ಕಾಯಿತು."
ಆ ನಾಯಿಯನ್ನು ಅಪ್ಪ ಏನು ಮಾಡಿದ ಅಂತ
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಈಗ ಕೈಯನ್ನು ಬೂದಿಯಲ್ಲಿ ಉಜ್ಜಿ ತೊಳೆದೇ ಹೋಗುತ್ತೇನೆ.
ಬೋಗುಣಿ ಇಡುತ್ತೇನೆ, ಬೆನ್ನು ಹಾಕುತ್ತೇನೆ,
ಬೇಲಿಯವರೆಗೆ ಇಪ್ಪತ್ತಾರು ಹೆಜ್ಜೆ.
ಹಿಂದೆ ಲೊಚಲೊಚ ಸದ್ದು. ಆಮೇಲೆ ಸದ್ದಿಲ್ಲ.
ಕಿವಿ ಹರಿದ ಮುದಿ ಕುರಿಯೊಂದು
ಅದನ್ನು ಹೊಟ್ಟೆಯ ಪಕ್ಕ ಮಲಗಗೊಡುತ್ತದಂತೆ,
ಬೆಕಿರನೇ ಕಿಟಕಿಯಿಂದ ನೋಡಿ ಹೇಳಿದ್ದು,
ನಾನು ತಿರುಗಿ ನೋಡುವಂತಿಲ್ಲವಲ್ಲ.

ನಿನ್ನೆ ನನ್ನೆದುರೇ ಹಾದುಹೋಯಿತು,
ಮಂದೆಯ ಬಾಲ ಹಿಡಿದು, ಎಷ್ಟು ಗಂಭೀರ!
ನನ್ನ ಕಡೆ ಕತ್ತು ಹೊರಳಿಸಲಿಲ್ಲ.

ಸಂಜೆ ಹಿಟ್ಟು ಕಲಸುತ್ತಿದ್ದೆ.
"ಗಂಟಿದೆಯಾ?" ಅಂದ ಒಳಗಿನಿಂದ.
ಇಲ್ಲ, ಅಂದೆ.
"ಬೆರಳದ್ದಿ ನೋಡಿದೆಯಾ?"
ನೋಡಿದೆ, ಅಂದೆ.
ಏನೂ ಅನ್ನಿಸುತ್ತಿಲ್ಲ.