ಟೋಕನ್ ಇನ್ನೂರ ಹನ್ನೆರಡು

ಅರಮನೆ ಒಳಗೇನೈತೆ ಅಂತ ನನ್ನ ಕೇಳಬ್ಯಾಡಿ.
ಇಪ್ಪತ್ತಾರು ವರ್ಷದಿಂದ ಹೊರಗೆ ಕೂತಿವ್ನಿ,
ಚಪ್ಪಲಿ ಕಾಯ್ಕಂಡು.
ನಂಗೆ ಗೊತ್ತಿರೋದು ಅಂಗಾಲು.
ಏಪ್ರಿಲ್ಲಲ್ಲಿ ಹನ್ನೆರಡು ಹೊಡೆದ್ರೆ
ಅಂಗಳದ ಕಲ್ಲು ರೊಟ್ಟಿ ಹೆಂಚು.
ಎಂಥೆಂಥ ಆಫೀಸರುಗಳೂ
ಕೆಂಡ ತುಳಿದ ಕೋಳಿ ಹಂಗೆ ಎಗರ್ಕಂಡು ಬತ್ತಾರೆ.

ಆ ಹುಡುಗಿ ಎಗರಲಿಲ್ಲ.
ಹುಡುಗಿ ಅಂತೀನಿ, ನಲವತ್ತು ದಾಟಿತ್ತೋ ಏನೋ,
ಟೋಪಿ ಕೆಳಗೆ ವಯಸ್ಸು ಕಾಣಲಿಲ್ಲ.
ಹೆಜ್ಜೆ ಮೇಲೆ ಹೆಜ್ಜೆ ಇಟ್ಟು
ಕಲ್ಲಿಗೇ ನೋವಾದೀತು ಅನ್ನೋ ಹಂಗೆ ಬಂದು
ಟೋಕನ್ ಕೊಟ್ಲು, ಎರಡೂ ಕೈಯಾಗೆ.
ಇನ್ನೂರ ಹನ್ನೆರಡು.
ಅಂಗಾಲು ನೋಡಿದ್ರೆ ದಾಸವಾಳ.

ಹೂಜಿಯಲ್ಲಿ ನನ್ನ ಕುಡಿಯೋ ನೀರಿತ್ತು.
ಸುರಿದೆ.
ಕಾಲಿಗೆ ಅರ್ಧ, ನೆಲಕ್ಕೆ ಅರ್ಧ.
ನೆಲ ಚುಂಯ್ ಅಂತು.

ಗೈಡ್ ಅಯೂಬ ಅಲ್ಲೇ ನಿಂತಿದ್ದ,
ಆರು ಭಾಷೆಯಲ್ಲಿ ಸುಳ್ಳು ಹೇಳಬಲ್ಲ.
ಜಪಾನಂತೆ ಚಿಕ್ಕತಾಯಕ್ಕ, ಅಂದ,
ಮೇಲೆ, ಇನ್ನೂ ಮೇಲೆ, ಬಡಗಲ ತುದಿ,
ಸಮುದ್ರದ ದಂಡೆ ಊರು.
ಆ ಊರಿನ ಹೆಸರು
ಮೂರು ಸಲ ಹೇಳಿಸಿದೆ, ನಾಲಿಗೆಗೆ ಹತ್ತಲಿಲ್ಲ.

ಚೀಲದಿಂದ ಒಂದು ಕಾಗದ ತೆಗೆದ್ಲು, ಮಡಿಕೆ ಮಡಿಕೆ.
ಅವಳೂರಲ್ಲಿ ನೋಡೋ ಜಾಗಗಳಂತೆ.
ದೀಪದ ಗೋಪುರ: ಕೆಂಪು ಬಿಳಿ ಪಟ್ಟೆ,
ನಮ್ಮೂರ ಗುಡಿ ಗೋಡೆಗೆ ಬಳಿದಂಗೆ.
ಏಡಿ ಕೊಂಬು ಒಂದು, ಮನೆ ಎತ್ತರ, ಸಿಮೆಂಟಿಂದು.
ಏಡಿನ ನೋಡ್ತಾರಾ? ನಾವು ಸಾರು ಮಾಡ್ತೀವಲ್ಲ,
ಬನ್ನೂರ ಗದ್ದೆ ಏಡಿ, ಮೆಣಸು ಜಜ್ಜಿ ಹಾಕಿ, ಶೀತಕ್ಕೆ.
ಇದ ಹೇಳಪ್ಪ ಅಂದೆ. ಏನು ಹೇಳಿದ್ನೋ,
ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
ಹಳೇ ಜೈಲು, ದುಡ್ಡು ಕೊಟ್ಟು ನೋಡಬೇಕಂತೆ,
ಒಳಗೆ ಕೈದಿಗಳ ಬದಲು ಗೊಂಬೆಗಳಂತೆ.
ಪಾಪ, ಗೊಂಬೆಗಳೇನು ಮಾಡಿದ್ದವು.

ಆಮೇಲೆ ಒಂದು ಚಿತ್ರ. ಅದರಲ್ಲಿ ಏನೂ ಇರಲಿಲ್ಲ.
ಬರೀ ಬಿಳಿ.
ಅದು ಸಮುದ್ರ, ಅಂದ ಅಯೂಬ.
ಮಾಘದಲ್ಲಿ ಎಲ್ಲಿಂದಲೋ ತೇಲ್ಕಂಡು ಬತ್ತದಂತೆ ಹಿಮ,
ಚಪ್ಪಡಿ ಚಪ್ಪಡಿ,
ಒಂದಕ್ಕೊಂದು ಉಜ್ಜಿ ರಾತ್ರಿಯೆಲ್ಲ ನರಳ್ತದಂತೆ.
ದೋಣಿಯವರು ಮೂರು ತಿಂಗಳು ಮನೇಲಿ.
ಅದನ್ನ ನೋಡಾಕೆ ಜನ ಬಸ್ಸು ಬಸ್ಸು.

ನೀನೇನು ಕೆಲಸ ಮಾಡ್ತೀಯವ್ವ, ಅಂದೆ.
ಅಯೂಬ ಕೇಳಿದ. ಸುಮ್ಮನಾದ.
ಮತ್ತೆ ಕೇಳಿದ.
ಹಿಮದ ಮೇಲೆ ನಡೆಯೋರಿಗೆ
ರಬ್ಬರ್ ಬೂಟು ಕೊಡ್ತಾಳಂತೆ, ಚಿಕ್ಕತಾಯಕ್ಕ.
ಅವರ ಚಪ್ಪಲಿ ಇಸ್ಕಂಡು, ಗೂಡಲ್ಲಿ ಇಟ್ಟು, ಚೀಟಿ ಕೊಟ್ಟು.

ಸುಳ್ಳಾಡಬ್ಯಾಡ ಬಡ್ಡೀಮಗನೆ, ಅಂದೆ.
ನನ್ನಾಣೆ ಅಂದ.
ಅವಳು ನನ್ನ ಗೂಡುಗಳನ್ನ ನೋಡ್ತಿದ್ಲು,
ಎಣಿಸೋ ಹಂಗೆ,
ಒಡೆದ ಹಲಗೆ ಮೇಲೆ ಬೆರಳಾಡಿಸಿ.
ಹದಿಮೂರು ವರ್ಷ ಆಯ್ತಂತೆ
ಅವಳು ಹಿಮದ ಮೇಲೆ ಕಾಲಿಟ್ಟು.
ಹೋಗು ಅಂತ ಯಾರೂ ಅನ್ನಲಿಲ್ಲವಂತೆ.

ಕಾಗದದ ಮೂಲೇಲಿ ಇನ್ನೊಂದು ಸಣ್ಣ ಚಿತ್ರ ತೋರಿಸಿದ್ಲು:
ಟೇಸನ್ ಮುಂದೆ ಕಲ್ಲಿನ ತೊಟ್ಟಿ, ಹಬೆಯಾಡೋ ನೀರು,
ಸುತ್ತ ಕೂತ ಜನ, ಎಲ್ಲರ ಕಾಲೂ ಒಳಗೆ.
ಗುರುತು ಪರಿಚಯ ಬೇಕಿಲ್ಲ, ದುಡ್ಡಿಲ್ಲ.
ಚಳಿಯಿಂದ ಬಂದವರು ಮೊದಲು ಅಲ್ಲಿ ಕೂರ್ತಾರಂತೆ.
ಆಮೇಲೆ ಖಾಲಿ ಹೂಜಿ ತೋರಿಸಿದ್ಲು,
ತನ್ನ ಕಾಲು ತೋರಿಸಿದ್ಲು.
ಅದಕ್ಕೆ ಅಯೂಬ ಬೇಕಾಗಲಿಲ್ಲ.

ಕಾಗದ ಈಗಲೂ ಟೋಕನ್ ಡಬ್ಬದ ತಳದಲ್ಲಿ ಐತೆ.
ಮಧ್ಯಾಹ್ನ ಸೆಕೆ ಏರಿದಾಗ ಬಿಚ್ಚಿ
ಆ ಬಿಳಿ ಜಾಗದ ಮೇಲೆ ಅಂಗೈ ಇಡ್ತೀನಿ.
ತಣ್ಣಗೇನೂ ಇರಲ್ಲ. ಕಾಗದ ತಾನೆ.

ಹೋಗುವಾಗ ಬಾಗಿ ಏನೋ ಅಂದ್ಲು.
ವರ್ಷಕ್ಕೊಂದು ಬೂಟು ವಾಪಸ್ ಬರಲ್ಲವಂತೆ,
ಹಿಮದ ಸಂದಿ ನುಂಗಿಬಿಡ್ತದಂತೆ,
ಯಾವಾಗಲೂ ಎಡಗಾಲಿಂದೇ.
ಉಳಿದ ಬಲಗಾಲಿಂದನ್ನ ಎಸೆಯಾಕೆ ಮನಸ್ಸು ಬರದೆ
ಸಾಲಾಗಿ ಇಟ್ಟವಳಂತೆ.
ಅವಳು ಅಂದದ್ದೋ,
ನನ್ನ ಕೊನೇ ಗೂಡಲ್ಲಿ ಒಂಬತ್ತು ವರ್ಷದಿಂದ
ಯಾರೂ ಕೇಳದೆ ಬಿದ್ದಿರೋ ಮಗುವಿನ ಬೂಟು ನೋಡಿ
ಅಯೂಬ ಸೇರಿಸಿದ್ದೋ.