ಗಾಳಿ ಇದೆ

ಶಿವರಾತ್ರಿ ಕಳೆದು ಮೂರನೇ ರಾತ್ರಿ
ಕನಕಪುರ ರಸ್ತೆಯ ಹದಿನೇಳು ಮಹಡಿಯ ನೆತ್ತಿಯಲ್ಲಿ
ಲಿಫ್ಟಿನ ಮೋಟಾರಿಗೆ ಬ್ರೇಕು ಬಿಗಿಯುತ್ತಿದ್ದೆ.
ತಲೆಯೆತ್ತಿದರೆ, ದಕ್ಷಿಣಕ್ಕೆ, ಕತ್ತಲ ಬಟ್ಟೆಗೆ
ಯಾರೋ ಕೆಂಪು ದಾರದಲ್ಲಿ ಅಂಚು ಹೊಲಿಯುತ್ತಿದ್ದರು.
ಹೊಲಿಗೆ ಮೆಲ್ಲಗೆ ಮೇಲೇರುತ್ತಿತ್ತು.
ಬಾಲ್ಕನಿಗಳಲ್ಲಿ ಫೋನುಗಳು ಕಣ್ಣು ಬಿಟ್ಟವು.
"ಸೂಪರ್ ಆಗಿದೆ" ಅಂದಿತೊಂದು ಮಗು. ನಿಜ, ಹಾಗೇ ಇತ್ತು.
ನಾನೂ ಸ್ಪಾನರ್ ಕೆಳಗಿಟ್ಟು ನೋಡಿದೆ,
ಕೈಯೊರೆಸಿಕೊಳ್ಳುವುದು ಮರೆತು.

ಹನ್ನೊಂದು ದಿನದ ಮೇಲೆ, ವಾರದ ರಜೆ.
ಬನಶಂಕರಿಯಲ್ಲಿ ಮೊದಲ ಬಸ್ಸು,
ಆಮೇಲೊಂದು ಹಾಲಿನ ಟೆಂಪೊ,
ಕೊನೆಗೆ ಕೆಂಚೀರಯ್ಯನ ಬೆನ್ನ ಹಿಂದೆ ನಡಿಗೆ.
ಬೆಂಕಿ ಕಾಯುವ ದಿನಗೂಲಿ ಆತ;
ಮಳೆ ಬಿದ್ದ ದಿನ ಕೆಲಸವೂ ಆರುತ್ತದೆ.
"ಬೆಟ್ಟ ಹತ್ತೋಕೆ ಬಂದ್ರಾ, ಸುಟ್ಟಿದ್ದು ನೋಡೋಕಾ?"
ಉತ್ತರ ಹೊಳೆಯದೆ ನೀರಿನ ಬಾಟಲಿ ಚಾಚಿದೆ.

ಕಾಡಿಗೆ ಕಾಡಿನ ಸದ್ದಿರಲಿಲ್ಲ.
ಹೆಜ್ಜೆಗೊಮ್ಮೆ ಬೂದಿ ಉಸ್ಸೆಂದು ಎದ್ದು
ಮೊಣಕಾಲವರೆಗೆ ಬಂದು, ಯೋಚಿಸಿ,
ಮತ್ತೆ ಕೂರುತ್ತಿತ್ತು. ಲಾಂಟಾನ ಬರೀ ತಂತಿ.
ಬಿದಿರ ಮೆಳೆ ಮದುವೆ ಮುಗಿದ ಚಪ್ಪರದ ಹಾಗೆ ಒರಗಿತ್ತು.
ಅದು ಹೇಗೋ ಉಳಿದ ಒಂದು ಮುತ್ತುಗ ಮಾತ್ರ
ಎಲೆಯಿಲ್ಲದ ಕೊಂಬೆ ತುಂಬ ಹೂ ಹೊತ್ತಿಸಿಕೊಂಡು
ನಾಚಿಕೆಯಿಲ್ಲದೆ ನಿಂತಿತ್ತು. ಅದರತ್ತ ನೋಡಲಾಗಲಿಲ್ಲ,
ನೋಡದೆ ಇರಲೂ.

ಬೆಂಕಿಗೆ ಬಡಿದು ಬಿಸುಟ ಸೊಪ್ಪಿನ ಕೊಂಬೆಗಳು
ಅಲ್ಲಲ್ಲೇ ಬಿದ್ದಿದ್ದವು. ಒಂದನ್ನೆತ್ತಿ
"ಇದು ನಂದು," ಅಂದ, "ಹೊಂಗೇದು.
ಎಡಗೈಲಿ ಹೊಡೀತೀನಿ, ಅದ್ಕೆ ಹಿಂಗೆ ಸವೆದೈತೆ."

ಇನ್ನೊಂದಿಷ್ಟು ಏರಿದ ಮೇಲೆ ಕುಕ್ಕರಗಾಲಲ್ಲಿ ಕೂತ.
ಬೂದಿ ಸರಿಸಿದ. ನಕ್ಷತ್ರದಾಮೆ.
ಚಿಪ್ಪಿನ ಹಳದಿ ಗೆರೆಗಳೆಲ್ಲ ಕರಕಲು,
ಎತ್ತಿದರೆ ಖಾಲಿ ಬಟ್ಟಲಿನಷ್ಟು ಹಗುರ.
"ಒಳಗೆ ಸೇರ್ಕೊಂಡ್ರೆ ಆಯ್ತು ಅನ್ಕೊಂಡೈತೆ."
ಮಗುಚಲಿಲ್ಲ. ಇದ್ದ ಹಾಗೇ ಇಟ್ಟ.

ಮೇಲೆ ಬರೀ ಬಂಡೆ. ಬಂಡೆಗೆ ಬೆಂಕಿ ಹತ್ತದು.
ಕೊನೆಯ ಐವತ್ತು ಮಾರು ನಾಲ್ಕೂ ಕಾಲೂರಿ ಹತ್ತಿದೆ.
ಏರುವುದು ಇಳಿಯುವುದೇ ನನ್ನ ಹೊಟ್ಟೆಪಾಡು, ಆದರೆ
ಅಲ್ಲಿ ಹಗ್ಗವುಂಟು, ಎದುರು ತೂಗುವ ಕಬ್ಬಿಣವುಂಟು;
ಇಲ್ಲಿ ತೂಕವೆಲ್ಲ ನಾನೇ.

ತುದಿ. ಗಾಳಿ.
ಉತ್ತರಕ್ಕೆ ಬೆಂಗಳೂರು: ಮಬ್ಬಿನಲ್ಲಿ
ನೆಟ್ಟಗೆ ನಿಲ್ಲಿಸಿದ ಬೆಂಕಿಕಡ್ಡಿಗಳು, ಇನ್ನೂ ಗೀರದವು.
ಹದಿನೇಳು ಮಹಡಿಯನ್ನು ಹೆಬ್ಬೆರಳಲ್ಲಿ ಮುಚ್ಚಿದೆ, ತೆಗೆದೆ.
"ಅದ್ರಾಗೆ ನಿಮ್ದು ಯಾವ್ದು?"
"ಯಾವುದೂ ಅಲ್ಲ. ಲಿಫ್ಟ್ ಕೆಟ್ಟರೆ ಹೋಗ್ತೀನಿ."
"ಬಿಡಿ," ಅಂದ, "ಇದೂ ನಂದಲ್ಲ."

ಆಗ ಸಿಗ್ನಲ್ ಸಿಕ್ಕಿತು. ಸಿಕ್ಕಿದ್ದೇ ಕರೆ.
ಅದೇ ಕಟ್ಟಡ. ಒಂಬತ್ತಕ್ಕೂ ಹತ್ತಕ್ಕೂ ನಡುವೆ
ಫಿಲೋಮಿನಾ ಟೀಚರು, ಕೈಯಲ್ಲಿ ಕರಿಬೇವಿನ ಕಟ್ಟು,
ದೀಪವೂ ಇಲ್ಲ. "ಉಸಿರು ಕಟ್ತಾ ಇದೆ ಕುಬೇರಪ್ಪ."

ಅಂಗಿ ಪಟಪಟ ಬಡಿಯುವ ಗಾಳಿಯಲ್ಲಿ ನಿಂತು
ಹೇಳಿದೆ: ಗಾಳಿ ಇದೆ ಟೀಚರ್.
ನೆತ್ತಿ ಮೇಲೆ ಸಂದಿಯಿದೆ, ಅಲ್ಲಿಂದ ಬರುತ್ತೆ.
ಬಾಗಿಲು ತಳ್ಳಬೇಡಿ. ಕೂತ್ಕೊಳ್ಳಿ.
ನೂರರಿಂದ ಹಿಂದಕ್ಕೆ ಎಣಿಸಿ, ನಾನು ಕೇಳ್ತಿರ್ತೀನಿ.
ಒಂದು ಕಿವಿಗೆ ಅವರ ತೊಂಬತ್ತೆಂಟು, ತೊಂಬತ್ತೇಳು,
ಇನ್ನೊಂದಕ್ಕೆ ಕೆಂಚೀರಯ್ಯನ ಬಟನ್ ಫೋನು, ಅದರಲ್ಲಿ
ವಾಚ್‌ಮನ್‌ಗೆ ಬ್ರೇಕಿನ ಹಿಡಿ ಎಲ್ಲಿದೆ,
ಎಷ್ಟು ಸಡಿಲಿಸಬೇಕು, ಎಲ್ಲಿ ನಿಲ್ಲಿಸಬೇಕು.
ಮೂವತ್ತೆಂಟಕ್ಕೆ ಬಾಗಿಲು ತೆರೆಯಿತು.

ಫೋನು ವಾಪಸ್ಸು ಕೊಟ್ಟರೂ ಆತ ಅಂಗೈಯಲ್ಲೇ ಹಿಡಿದಿದ್ದ.
"ಹೊರಗೆ ಬಂದ್ರಾ?"
"ಬಂದರು."
ನಾವು ಹತ್ತಿ ಬಂದ ಕರಿಯ ಓರೆಯತ್ತ ನೋಡಿದ,
ಏನೂ ಅನ್ನಲಿಲ್ಲ. ಜೇಬಿಂದ ಬೀಡಿ ತೆಗೆದು
ಒಮ್ಮೆ ಮೂಸಿ, ಹಾಗೇ ಮತ್ತೆ ಜೇಬಿಗಿಟ್ಟ.
"ಇಳಿಯೋಣ. ಹೊತ್ತಾದ್ರೆ ಕಲ್ಲು ಕಾಯ್ತವೆ."