ನಷ್ಟದ ಪಟ್ಟಿ, ಕ್ರಮಸಂಖ್ಯೆ ಆರು

ಬೆಂಚು ಹನ್ನೊಂದು. ಫ್ಯಾನು ಎರಡು.
ಬೀರು ಒಂದು, ಸೊಟ್ಟಗಾದದ್ದು.
ಡ್ರಾಯಿಂಗ್ ಹಾಳೆ, ಲೆಕ್ಕವಿಲ್ಲ. ಕಿಟಕಿ ಗಾಜು, ಎಲ್ಲ.
ಆರನೆಯ ಸಾಲು: ಗೋಡೆ.
ಇಲ್ಲಿ ಪೆನ್ನು ನಿಂತಿದೆ, ಬೆಳಗಿನಿಂದ.

ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ
ಅದಿರಿನ ಪುಡಿ ತೂಗುತ್ತಿದ್ದ, ಮೂವತ್ತೊಂದು ವರ್ಷ.
ಗುಡ್ಡದ ಕೆಮ್ಮಣ್ಣು ಅವನ ಉಗುರಲ್ಲಿ ಕೂತು ಮನೆಗೆ ಬರುತ್ತಿತ್ತು,
ಮೊಸರನ್ನಕ್ಕೂ ಒಂದು ಗೆರೆ ಎಳೆಯುತ್ತಿತ್ತು.
ಒಮ್ಮೆ ಹಳದಿ ಮಣ್ಣು ಒಂದು ಚಿಟಿಕೆ
ದೋಸೆ ಹೆಂಚಿಗೆ ಹಾಕಿ ಒಲೆ ಉರಿಸಿದ.
ನೋಡನೋಡುತ್ತ ಅಂಚಿನಿಂದ ಕೆಂಪೇರಿತು.
‘ಹಳದಿ ಅಂದ್ರೆ ನೀರು ಕುಡಿದ ಕಬ್ಬಿಣ ಕಣೇ,
ಬೆಂಕಿ ಆ ನೀರನ್ನ ವಾಪಸ್ ಕೇಳುತ್ತೆ.’
ಅಮ್ಮ ಹೆಂಚು ಕಿತ್ತುಕೊಂಡಳು. ಪಾಠ ಅಷ್ಟೇ.

ಎಷ್ಟೋ ಕಡಲಾಚೆ, ಬೆಟ್ಟ ಬೂದಿ ಕಾರಿ ಮುಚ್ಚಿದ ಊರಿನಲ್ಲಿ
ಜನ ಬಾಯಿಬಿಟ್ಟು ನೋಡುವ ಕೆಂಪು ಗೋಡೆಗಳಲ್ಲಿ ಕೆಲವು
ಹಳದಿಯಾಗಿ ಹುಟ್ಟಿದವಂತೆ.
ಓದಿದಾಗ ಅಂದುಕೊಂಡೆ: ಗೊತ್ತು,
ನಮ್ಮ ಹೆಂಚಿನ ಮೇಲೂ ಆಗಿತ್ತು.

ಆ ಹುಚ್ಚಿಗೇ ಗಾರೆಯ ದಾದಾಪೀರರನ್ನು ಶಾಲೆಗೆ ಕರೆತಂದೆ.
ಸುಣ್ಣ ಗುಂಡಿಯಲ್ಲಿ ಮೂರು ತಿಂಗಳು.
‘ಕೊಳೀಲಿ ಟೀಚರ್, ಬೆಣ್ಣೆ ಆಗ್ಬೇಕು.
ಅವಸರದ ಸುಣ್ಣ ಬಾಯಿ ಸುಡುತ್ತೆ, ಗೋಡೇದೂ.’
ಮೊದಲ ಮೈ ಒರಟು: ಇಟ್ಟಿಗೆ ಪುಡಿ, ಅಳಲೆಕಾಯಿ ನೀರು, ಬೆಲ್ಲ.
ಮೇಲೆ ಜರಡಿ ಹಿಡಿದ ಮರಳು.
ಕೊನೆಯದು ತೆಳು, ಹಾಲಿನ ಕೆನೆಯಷ್ಟು,
ಭದ್ರೆಯ ಗುಂಡುಕಲ್ಲಲ್ಲಿ ಉಜ್ಜಿ ಉಜ್ಜಿ
ನನ್ನ ನೆರಳು ಅದರೊಳಗೆ ಮಿಸುಕುವ ತನಕ.

ಆಮೇಲೆ ಓಟ. ಗೋಡೆ ಬಾಯಿ ಮುಚ್ಚುವುದರೊಳಗೆ
ಬಣ್ಣ ಒಳಗೆ ಹೋಗಬೇಕು.
ಅಂಟಿಲ್ಲ, ಎಣ್ಣೆಯಿಲ್ಲ. ಮಣ್ಣು, ನೀರು,
ಮತ್ತೆ ಭಟ್ಟಿಯಲ್ಲಿ ಕಳಕೊಂಡ ಉಸಿರನ್ನು
ಸುಣ್ಣ ಗಾಳಿಯಿಂದ ಮರಳಿ ಎಳೆದುಕೊಳ್ಳುವುದು.
ನೂಲು ಬಿಗಿಹಿಡಿದು ಹಸಿ ಗಾರೆಗೆ ಚಟ್ಟನೆ ಬಿಟ್ಟರೆ ನೇರ ಗೆರೆ.
ನೀಲಿಗೆ ಮಾತ್ರ ಅಂಗಡಿಯ ಬಟ್ಟೆನೀಲಿ;
ಅವರೂ ಮರಳು ತಾಮ್ರ ಸೇರಿಸಿ ಬೇಯಿಸಿಕೊಂಡವರೇ,
ನಾಚಿಕೆಯೇನಿಲ್ಲ.
ಸಂಜೆಗೆ ಮುಗಿಯದ್ದನ್ನು ಕರಣೆಯಲ್ಲಿ ಕೊಯ್ದು ಬಿಸಾಡಿ
ಮರುದಿನ ಹೊಸದಾಗಿ ಮೆತ್ತಿದೆವು.
ಹಾಗಾಗಿ ನಮ್ಮ ಏಳು ದಿನವೂ ಗೋಡೆಯಲ್ಲಿ
ಹೊಲಿಗೆ ಸಮೇತ ಕಾಣುತ್ತಿದ್ದವು:
ಮಂಗಳವಾರ ಚಿಕ್ಕದು, ಕರೆಂಟು ಹೋಗಿತ್ತು.
ಗುರುವಾರ ಎಂಟನೇ ಕ್ಲಾಸಿನ ಸೆಲ್ವಿ ಎಡವಿ
ಅಂಗೈ ಊರಿಬಿಟ್ಟಳು. ಇರಲಿ ಅಂದೆವು.
ಬಯಲೆಲ್ಲ ಹಳದಿ. ನಡುವೆ ನೀಲಿ ಮೀನು, ಸ್ವಲ್ಪ ಕುಂಟು.

ಮೊನ್ನೆ ರಾತ್ರಿ ಪಕ್ಕದ ಕೋಣೆಯ ವೈರು ಕಿಡಿ ಕಾರಿತು.
ಬೀಗ ತೆಗೆದರೆ ಬರೀ ಮಸಿ.
ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಸಿಯ ಕೆಳಗೆ ಕೆಂಪು.
ನಾವು ಹಚ್ಚದ ಕೆಂಪು, ಅಪ್ಪನ ಉಗುರಿನ ಕೆಂಪು,
ಈ ಮೂಲೆಯಿಂದ ಆ ಮೂಲೆಗೆ.
ಜೇಡಿಮಣ್ಣು ತುಂಬಿದ್ದ ಬೀರು ಸರಿಸಿದಾಗ
ಹಿಂದೆ ಬೀರುವಿನಷ್ಟೇ ಹಳದಿ,
ಆ ಗಡಿಯ ಮೇಲೆ ಸೆಲ್ವಿಯ ಅಂಗೈ:
ಎರಡು ಬೆರಳು ಹಳದಿ, ಮೂರು ಕೆಂಪು.

ದಾದಾಪೀರ್ ಬಂದು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು.
‘ಎರಡು ಕಡೆ ಪೊಳ್ಳು. ಮಿಕ್ಕಿದ್ದು ಗಟ್ಟಿ.’
ಚಹಾ ಬೇಡವೆಂದು ಹೊರಟರು.
ಹೆಡ್‌ಮಾಸ್ಟರಿಗೆ ನಾಲ್ಕು ಗಂಟೆಯೊಳಗೆ ಪಟ್ಟಿ ಬೇಕು.
ಸುಟ್ಟದ್ದೋ ಉಳಿದದ್ದೋ, ಒಂದಕ್ಕೆ ಟಿಕ್ ಹಾಕಿ, ಅನ್ನುತ್ತಾರೆ.

ಆರು: ಗೋಡೆ.
ನಷ್ಟವಾದದ್ದು: ನೀರು.
ಪ್ರಮಾಣದ ಕಾಲಂ ಖಾಲಿ ಬಿಟ್ಟಿದ್ದೇನೆ.
ತೂಗಬಲ್ಲವನು ಈಗಿಲ್ಲ.